ಹಾಸನದ ತಮ್ಮನಿಗೆ ತಡವಾಗಿ ಬರೆದ ಉತ್ತರ

ಈ ವಾರ ಗಾಂಧಿನಗರದ ಗಾಳಿಮಾತು ಇಲ್ಲ. ಯಾವ ನಾಯಕಿಗೆ ಯಾವ ನಾಯಕನ ಮೇಲೆ ಮುನಿಸು, ಯಾವ ನಿರ್ಮಾಪಕರ ಚೆಕ್ಕು ಬ್ಯಾಂಕಿನಿಂದ ವಾಪಸ್ಸು ಬಂತು, ಇವೆಲ್ಲ ಮುಂದಿನ ವಾರಕ್ಕೆ. ಬಸ್ಸು ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆ ಅಂತ ಪತ್ರಿಕೆ ಕೊಂಡು, ಬಿಚ್ಚಿದ ಕೂಡಲೇ ಈ ಪುಟಕ್ಕೆ ಬರುವ ಮಿತ್ರರು ಬೈದುಕೊಂಡರೂ ಪರವಾಗಿಲ್ಲ. ನನ್ನ ಮೇಲೊಂದು ಸಾಲ ಇದೆ. 2022ರಿಂದ ಬಾಕಿ. ಅದನ್ನು ತೀರಿಸಿ ಆಮೇಲೆ ಸಿನಿಮಾ.

ಆ ವರ್ಷ ಜೂನ್ 10ಕ್ಕೆ '777 ಚಾರ್ಲಿ' ಬಿಡುಗಡೆಯಾದದ್ದು ನಿಮಗೆಲ್ಲ ನೆನಪಿರಬೇಕಲ್ಲ? ನಿರ್ದೇಶಕ ಕಿರಣ್‌ರಾಜ್ ಕೆ., ನಾಯಕ ರಕ್ಷಿತ್ ಶೆಟ್ಟಿ. ಆದರೆ ಪರದೆಯ ಮೇಲೆ ನಿಜವಾದ ಸ್ಟಾರು ಆ ಲ್ಯಾಬ್ರಡಾರ್! ಯಾರ ಸಹವಾಸವೂ ಬೇಡ ಅಂತ ಬದುಕುತ್ತಿದ್ದ ಒಂಟಿ ಮನುಷ್ಯ ಧರ್ಮ. ಕರೆಯದೆ ಅವನ ಮನೆಗೆ ಬಂದು ಸೇರಿಕೊಂಡ ನಾಯಿ. ಆ ನಾಯಿಗೆ ವಾಸಿಯಾಗದ ಕ್ಯಾನ್ಸರ್. ಸಾಯುವ ಮುಂಚೆ ಅದಕ್ಕೆ ಹಿಮ ತೋರಿಸಬೇಕು ಅಂತ ಧರ್ಮ ಬೈಕಿಗೆ ಪಕ್ಕದ ಡಬ್ಬಿ ಕಟ್ಟಿಕೊಂಡು ಉತ್ತರಕ್ಕೆ ಹೊರಡುತ್ತಾನೆ. (ಕ್ಲೈಮ್ಯಾಕ್ಸ್ ಹೇಳೋದಿಲ್ಲ. ನೋಡದವರು ಇನ್ನೂ ಇರಬಹುದು.) ಥಿಯೇಟರಿನಿಂದ ಜನ ಮೂಗು ಒರೆಸಿಕೊಂಡು ಹೊರಗೆ ಬರುತ್ತಿದ್ದರು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಅವರೇ ಚಿತ್ರ ನೋಡಿ ಬಂದು ಪತ್ರಕರ್ತರ ಎದುರು ಕಣ್ಣೀರು ಹಾಕಿದರು. ಅವರ ಮನೆಯ ನಾಯಿ ಸನ್ನಿ ಹಿಂದಿನ ವರ್ಷ, 2021ರಲ್ಲಿ, ತೀರಿಕೊಂಡಿತ್ತು.

ನಾನು ಅಳಲಿಲ್ಲ. ಸಾವಿರಾರು ಚಿತ್ರ ನೋಡಿದ ಕಣ್ಣು ಸ್ವಾಮಿ ಇದು, ಕಲ್ಲಾಗಿ ಹೋಗಿದೆ ಅಂತ ಈ ಅಂಕಣದಲ್ಲೇ ಜಂಬ ಕೊಚ್ಚಿಕೊಂಡಿದ್ದೆ. ಆ ವಾರ ಬಂದ ಕಾಗದಗಳ ರಾಶಿಯಲ್ಲಿ ಹಾಸನದ ಕಡೆಯ ಒಬ್ಬ ತಮ್ಮನ ಪೋಸ್ಟ್‌ಕಾರ್ಡ್ ಇತ್ತು. ಹೆಸರು ಬೇಡ. ಅವನು ಬರೆದಿದ್ದು ಇಷ್ಟು: 'ಅಣ್ಣಾ, ನಮ್ಮ ಮನೆ ನಾಯಿಗೂ ಕ್ಯಾನ್ಸರ್ ಆಗಿದೆ. ಇಂಜೆಕ್ಷನ್ ಕೊಟ್ಟು ಕಳಿಸೋದು ಒಳ್ಳೇದು ಅಂತ ಡಾಕ್ಟರ್ ಹೇಳ್ತಾರೆ. ಅಪ್ಪ ಪಾಪ ಬರುತ್ತೆ ಅಂತಾರೆ. ನಾನು ಏನು ಮಾಡಲಿ?'

ಸಿನಿಮಾ ಪತ್ರಿಕೆಗೆ ಇಂಥಾ ಪ್ರಶ್ನೆ ಯಾಕೆ ಕೇಳಿದ ಅಂತ ಆಗ ನನಗನ್ನಿಸಿತು. ಈಗ ಗೊತ್ತಾಗುತ್ತೆ, ಅವನಿಗೆ ಕೇಳೋದಕ್ಕೆ ಬೇರೆ ಯಾರೂ ಇರಲಿಲ್ಲ. ನಾನು ಉತ್ತರ ಕೊಟ್ಟೆ. ಅಚ್ಚಾಯಿತು ಕೂಡ: 'ನೀವೂ ಕಾಶ್ಮೀರಕ್ಕೆ ಕರೆದುಕೊಂಡು ಹೋಗಿ ತಮ್ಮಾ! ನಿರ್ಮಾಪಕರು ಸಿಕ್ಕರೆ ನನಗೂ ಒಂದು ಟಿಕೆಟ್ ಹೇಳಿ!'

ಕಚೇರಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ನನ್ನ ಮೇಜಿನ ಕೆಳಗೆ, ನನ್ನ ಚಪ್ಪಲಿಯ ಮೇಲೆ ಗದ್ದ ಇಟ್ಟುಕೊಂಡು ಟೈಗರ್ ಮಲಗಿದ್ದ.

ಟೈಗರ್ ವಿಷಯ ಹೇಳಬೇಕು. 2015ರ ಮಳೆಗಾಲದಲ್ಲಿ ಶ್ರೀರಾಮಪುರದ ನಮ್ಮ ಬೀದಿಗೆ ಒಂದು ಮರಿ ಬಂತು. ತಾಯಿ ಯಾರೋ ದೊಡ್ಡ ಮನೆಯ ಅಲ್ಸೇಷನ್ ಅಂತೆ, ತಂದೆ ಬೀದಿಯ ಯಾವನೋ ಪುಂಡ. ಕಿವಿ ಒಂದು ನೆಟ್ಟಗೆ, ಇನ್ನೊಂದು ಬಗ್ಗಿ ನಮಸ್ಕಾರ ಹೇಳುತ್ತಿತ್ತು. ನಾನು ಟೈಗರ್ ಪ್ರಭಾಕರ್ ಅವರ ಹುಚ್ಚು ಅಭಿಮಾನಿ. ಹೆಸರು ಇಡೋಕೆ ಯೋಚನೆ ಬೇಕಾಗಲಿಲ್ಲ. ಹೆಸರಿನ ಮರ್ಯಾದೆ ಮಾತ್ರ ಅವನು ಉಳಿಸಲಿಲ್ಲ! ದೀಪಾವಳಿಗೆ ಒಂದು ಆನೆಪಟಾಕಿ ಸಿಡಿದರೆ ಸಾಕು, ಅಮ್ಮನ ಮಂಚದ ಕೆಳಗೆ ನುಗ್ಗಿ ಮರುದಿನ ಮಧ್ಯಾಹ್ನ ಹೊರಗೆ ಬರುತ್ತಿದ್ದ. ಟಿ.ವಿ.ಯಲ್ಲಿ ಕುದುರೆ ಕಂಡರೆ ಮಾತ್ರ ಪೌರುಷ. ಖಳನಾಯಕ ಬಂದರೆ ಬಾಲ ಅಲ್ಲಾಡಿಸುತ್ತಿದ್ದ, ಕುದುರೆ ಬಂದರೆ ಮನೆ ಸೀಳಿಹೋಗುವ ಹಾಗೆ ಬೊಗಳು. ರಾಜರ ಕಥೆಯ ಸಿನಿಮಾ ನಮ್ಮನೇಲಿ ನೋಡೋ ಹಾಗೇ ಇರಲಿಲ್ಲ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ವಾರಕ್ಕೆ ಎರಡು ಮೂರು ಸೆಕೆಂಡ್ ಷೋ. ರಾತ್ರಿ ಹನ್ನೆರಡೂವರೆ, ಒಂದು ಗಂಟೆಗೆ ಸ್ಕೂಟರು ನಮ್ಮ ಬೀದಿಯ ತಿರುವಿಗೆ ಬರುತ್ತೆ. ನನ್ನ ಸ್ಕೂಟರಿನ ಸದ್ದು ಅವನಿಗೆ ಎಲ್ಲಿಂದ ಕೇಳಿಸುತ್ತಿತ್ತೋ ಆ ದೇವರಿಗೇ ಗೊತ್ತು. ತಿರುವಿನ ದೀಪದ ಕಂಬದ ಕೆಳಗೆ ನಿಂತಿರುತ್ತಿದ್ದ. ಅಲ್ಲಿಂದ ಮನೆ ತನಕ ಸ್ಕೂಟರಿನ ಮುಂದೆ ಓಟ, ಮಂತ್ರಿಗಳ ಕಾರಿನ ಮುಂದೆ ಎಸ್ಕಾರ್ಟ್ ಹೋಗುವ ಹಾಗೆ. ಚಿತ್ರ ಹಿಟ್ಟೋ ಫ್ಲಾಪೋ, ಎಸ್ಕಾರ್ಟ್ ಮಾತ್ರ ಎಂಟು ವರ್ಷ ಒಂದು ದಿನವೂ ತಪ್ಪಲಿಲ್ಲ.

2023ರ ಅಕ್ಟೋಬರಿನಲ್ಲಿ ಒಂದು ರಾತ್ರಿ ಅವನು ಓಡಲಿಲ್ಲ. ಮುಂದಿನ ಎಡಗಾಲು ಎತ್ತಿಕೊಂಡು ಕುಂಟುತ್ತಾ ಬಂದ. ಮೋರಿ ಹಾರಿ ಉಳುಕಿಸಿಕೊಂಡಿರಬೇಕು ಅಂತ ಅಮ್ಮ ಹರಳೆಣ್ಣೆ ಬಿಸಿ ಮಾಡಿ ಹಚ್ಚಿದರು. ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಕಾಲು ಮುಟ್ಟಿ ನೋಡಿ, ಉಳುಕು, ಹದಿನೈದು ದಿನದಲ್ಲಿ ಸರಿಹೋಗುತ್ತೆ ಅಂದರು. ಹಾಗೆ ಅಂದಿದ್ದೇ ನನಗೆ ಬೇಕಾಗಿತ್ತು. ಎಕ್ಸ್‌ರೇ ತೆಗೆಸಲಾ ಅಂತ ನಾನೂ ಕೇಳಲಿಲ್ಲ. ಮಾತ್ರೆ ನುಂಗಿದಾಗ ನಾಲ್ಕು ದಿನ ಚೆನ್ನಾಗಿರುತ್ತಿದ್ದ, ಮತ್ತೆ ಕುಂಟು. ಡಿಸೆಂಬರ್ ಹೊತ್ತಿಗೆ ಮುಂಗೈ ಗಂಟಿನ ಮೇಲೆ ನಿಂಬೆಹಣ್ಣಿನಷ್ಟು ಊತ. ಗಟ್ಟಿ, ಕಲ್ಲಿನ ಹಾಗೆ.

ಪಕ್ಕದ ಮನೆ ಆಟೋ ಅಣ್ಣ 'ಹತ್ತಿ ಸಾರ್' ಅಂತ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕರೆತಂದ. ಹಿಂದಿನ ಗಾಜಿನ ತುಂಬ ಶಂಕರ್‌ನಾಗ್ ಇರುವ ಆಟೋ ಅದು. 1980ರ 'ಆಟೋ ರಾಜ' ಬಂದಾಗ ಈ ಅಣ್ಣ ಹುಟ್ಟಿಯೂ ಇರಲಿಲ್ಲ. ಮೀಟರ್ ಹಾಕಲಿಲ್ಲ. ಅಲ್ಲಿ ಒಂದು ಗಂಟೆ ಸಾಲು. ಒಬ್ಬರ ಕೈಯಲ್ಲಿ ಮೇಕೆ, ಒಬ್ಬರ ಬುಟ್ಟಿಯಲ್ಲಿ ಗಿಳಿ. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೂಳೆ ಮೂಳೆಯ ಹಾಗಿರಲಿಲ್ಲ. ಹುಳ ತಿಂದ ಮರದ ತುಂಡಿನ ಹಾಗಿತ್ತು. ಆಸ್ಟಿಯೋಸಾರ್ಕೋಮಾ, ಮೂಳೆಯ ಕ್ಯಾನ್ಸರ್.

ಚಾರ್ಲಿಗೆ ಚಿತ್ರದಲ್ಲಿ ಬರುವುದು ಬೇರೆ: ಹೆಮಾಂಜಿಯೋಸಾರ್ಕೋಮಾ, ರಕ್ತನಾಳದ ಗೋಡೆಯಲ್ಲಿ ಹುಟ್ಟುವಂಥದು. ಗುಲ್ಮದಲ್ಲೋ ಹೃದಯದಲ್ಲೋ ಸದ್ದಿಲ್ಲದೆ ಬೆಳೆದು, ಒಂದು ದಿನ ಒಡೆದು ಒಳಗೇ ರಕ್ತ ಸುರಿದಾಗ ಎಷ್ಟೋ ಮನೆಗಳಲ್ಲಿ ಮೊದಲು ಗೊತ್ತಾಗೋದು. ಟೈಗರ್‌ಗೆ ಬಂದದ್ದು ದೊಡ್ಡ ಗಾತ್ರದ ನಾಯಿಗಳನ್ನು ಹುಡುಕಿಕೊಂಡು ಬರುವ ಕಾಯಿಲೆ. ಉಳುಕಿನ ವೇಷ ಹಾಕಿಕೊಂಡು ಬರುತ್ತೆ. ಕಾಲಿನಲ್ಲಿ ಕಾಣಿಸುವ ಹೊತ್ತಿಗೆ ಬಹುಪಾಲು ನಾಯಿಗಳಲ್ಲಿ ಅದರ ಬೀಜ ಶ್ವಾಸಕೋಶಕ್ಕೆ ಬಿದ್ದಾಗಿರುತ್ತೆ. ಕಾಲು ತೆಗೆದು ಕೀಮೋ ಕೊಟ್ಟರೆ ಸುಮಾರು ಒಂದು ವರ್ಷ ಬದುಕುವವೂ ಉಂಟು. ನಾಯಿ ಮೂರು ಕಾಲಿನಲ್ಲಿ ನಾವು ತಿಳಿದಷ್ಟು ಕಷ್ಟಪಡೋದಿಲ್ಲ ಅಂದರು. ಆದರೆ ಟೈಗರ್ ಎದೆಯ ಎಕ್ಸ್‌ರೇಯಲ್ಲಿ ಆಗಲೇ ಬಿಳಿ ಚುಕ್ಕಿಗಳಿದ್ದವು. ಇನ್ನು ಕಾಲು ತೆಗೆದು ಅವನಿಗೆ ಹಿಂಸೆ ಕೊಡೋದು ಬೇಡ, ನೋವು ತಡೆಯೋಣ ಅಂದರು.

ಇಲ್ಲೊಂದು ಮಾತು ಮಧ್ಯೆ ಹೇಳಿಬಿಡುತ್ತೇನೆ. ಕ್ಯಾನ್ಸರ್ ಅಂದ ತಕ್ಷಣ ಕಥೆ ಮುಗೀತು ಅಂತ ಕೂರಬೇಡಿ. ಬೀದಿನಾಯಿಗಳು ಕೂಡುವಾಗ ಒಂದರಿಂದ ಒಂದಕ್ಕೆ ಅಂಟುವ ಗಡ್ಡೆಯೊಂದಿದೆ, ನೋಡೋಕೆ ಘೋರ, ರಕ್ತ ಒಸರುತ್ತೆ. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಹಾಗೆ ಕೆಲವು ವಾರ ಕೊಟ್ಟರೆ ಹೆಚ್ಚಿನವು ಪೂರ್ತಿ ವಾಸಿಯಾಗುತ್ತವೆ. ಅದೂ ಕ್ಯಾನ್ಸರೇ. ಯಾವುದು ಯಾವುದು ಅಂತ ಹೇಳೋಕೆ ಡಾಕ್ಟರೇ ಬೇಕು. ಹಾಗೇ ಇನ್ನೊಂದು: ನೋವು ಅಂತ ನಿಮ್ಮ ಡಬ್ಬಿಯ ಪ್ಯಾರಾಸಿಟಮಾಲೋ ಐಬುಪ್ರೊಫೆನ್ನೋ ನಾಯಿಗೆ ನುಂಗಿಸಬೇಡಿ, ಅದಕ್ಕೆ ವಿಷ. ಒಂದು ರಾತ್ರಿ ನಾನೂ ಕೊಡೋಕೆ ಹೋಗಿ, ಕೇಳಿಯೇ ಕೊಡೋಣ ಅಂತ ಫೋನ್ ಮಾಡಿದರೆ ಡಾಕ್ಟರಮ್ಮ ಗದರಿದ ಗದರಿಕೆಗೆ ಮಾತ್ರೆ ಕೈಯಿಂದ ಬಿದ್ದುಹೋಯಿತು.

ಈ ಡಾಕ್ಟರಮ್ಮ ಮನೆಗೇ ಬಂದು ನೋಡುವವರು. ನನ್ನ ಮಗಳ ವಯಸ್ಸು. ಮೊದಲ ದಿನವೇ ಕೇಳಿದರು, 'ಸಾರ್, ಟೈಗರ್‌ಗೆ ತುಂಬಾ ಇಷ್ಟವಾದ ಐದು ಕೆಲಸ ಯಾವುದು?' ಖಾಲಿ ದೋಸೆ ತಿನ್ನೋದು, ತಿರುವಿನ ಕಂಬದ ತನಕ ಬರೋದು, ಕುದುರೆಗೆ ಬೊಗಳೋದು, ಅಮ್ಮ ಹೂ ಕಟ್ಟುವಾಗ ದಾರದ ಉಂಡೆ ಕದಿಯೋದು, ಬೆಳಿಗ್ಗೆ ಹಾಲಿನವನನ್ನು ಬಾಗಿಲ ತನಕ ಬಿಟ್ಟು ಬರೋದು. ಅವರು ಬರೆದುಕೊಂಡರು. 'ಗೋಡೆಗೆ ಕ್ಯಾಲೆಂಡರ್ ಇದೆಯಲ್ಲ? ಒಳ್ಳೆ ದಿನಕ್ಕೆ ನೀಲಿ ಗುರುತು, ಕೆಟ್ಟ ದಿನಕ್ಕೆ ಕೆಂಪು. ಮನಸ್ಸು ಮೋಸ ಮಾಡುತ್ತೆ ಸಾರ್, ಕ್ಯಾಲೆಂಡರ್ ಮಾಡಲ್ಲ. ಕೆಂಪು ಜಾಸ್ತಿಯಾದರೆ ಮಾತಾಡೋಣ' ಅಂದರು.

ಆಟೋ ಸ್ಟ್ಯಾಂಡಿನವರು ಹೊಸ ವರ್ಷಕ್ಕೆ ಹಂಚಿದ ಶಂಕರ್‌ನಾಗ್ ಕ್ಯಾಲೆಂಡರು ನಮ್ಮ ಗೋಡೆಯ ಮೇಲಿತ್ತು. 2024ರ ಜನವರಿ ಪುಟ ಹೆಚ್ಚುಕಡಿಮೆ ನೀಲಿ. ಮಾತ್ರೆ ಕೆಲಸ ಮಾಡುತ್ತಿತ್ತು. ಫೆಬ್ರುವರಿ ಬಂದ ಮೇಲೆ ಕೆಂಪು ಶುರುವಾಯಿತು. ಮೊದಲು ಕಂಬದ ತನಕ ಬರುವುದು ನಿಂತಿತು. ಗೇಟಿನಲ್ಲೇ ಕೂತು ಕಾಯುತ್ತಿದ್ದ. ಆಮೇಲೆ ಹಾಲಿನವನು. ಆಮೇಲೆ ಒಂದು ಸಂಜೆ ಟಿ.ವಿ.ಯಲ್ಲಿ ದಂಡು ದಂಡು ಕುದುರೆ ಹೋದವು, ಇವನು ಸುಮ್ಮನೆ ನೋಡಿದ.

ಒಂದು ಭಾನುವಾರ ಬೆಳಿಗ್ಗೆ ಡಾಕ್ಟರಮ್ಮ ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತರು. 'ಸಾರ್, ಇದೇ ವಾರ. ಬುಧವಾರ ನಾನು ಬರ್ತೀನಿ' ಅಂದರು. ನಾನು ತಲೆ ಆಡಿಸಿದೆ.

ಅಮ್ಮ ಒಳಗಿಂದ ಕೇಳಿಸಿಕೊಂಡಿದ್ದರು. 'ಸೂಜಿ ಚುಚ್ಚಿ ಸಾಯಿಸೋದಾ? ಧರ್ಮರಾಯ ನಾಯೀನ ಬಿಟ್ಟು ಸ್ವರ್ಗಕ್ಕೇ ಬರಲ್ಲ ಅಂದನಂತೆ, ನೀನು ಇವನನ್ನ ಕೈಯಾರೆ ಕಳಿಸ್ತೀಯಾ?' ಅಂದರು. ಹಾಸನದ ತಮ್ಮನ ಅಪ್ಪ ಹೇಳಿದ್ದೂ ಇದೇ. ಚಿತ್ರದ ನಾಯಕನಿಗೆ ಧರ್ಮ ಅಂತ ಹೆಸರು ಇಟ್ಟವರು ಸುಮ್ಮನೆ ಇಟ್ಟಿರಲಿಕ್ಕಿಲ್ಲ ಅಂತ ಆ ಹೊತ್ತಿನಲ್ಲಿ ನನಗೆ ಹೊಳೆಯಿತು. ನೋಡಿ, ಮನೆಗೆ ಬೆಂಕಿ ಬಿದ್ದರೂ ಸಿನಿಮಾದವನ ತಲೆ ಸಿನಿಮಾದಲ್ಲೇ!

ಅದೇ ಭಾನುವಾರ ರಾತ್ರಿ ಆಟೋ ಅಣ್ಣ ಬಂದ. 'ಸಾರ್, ನಮ್ಮ ಟೈಗರ್‌ಗೆ ಕಾಶ್ಮೀರ ಆಗಲ್ಲ. ಮೆಜೆಸ್ಟಿಕ್ ಆಗುತ್ತೆ. ಬನ್ನಿ.' ಹಾಸನದ ತಮ್ಮನಿಗೆ ನಾನು ಮಾಡಿದ ಹಾಸ್ಯ ಅವನಿಗೆ ಗೊತ್ತೇ ಇರಲಿಲ್ಲ. ಹಿಂದಿನ ಸೀಟಿನ ಮೇಲೆ ಹಾಸಿಗೆ ಹಾಸಿ ಮಲಗಿಸಿದೆವು. ರಾತ್ರಿ ಹನ್ನೊಂದೂವರೆ, ಕೆ.ಜಿ. ರಸ್ತೆಯಲ್ಲಿ ಗಾಳಿ ತಣ್ಣಗಿತ್ತು. ಗಾಂಧಿನಗರದಲ್ಲಿ ಕಪಾಲಿ ಚಿತ್ರಮಂದಿರ ಇದ್ದ ಜಾಗದ ಮುಂದೆ ಹಾದೆವು. ಅಲ್ಲಿ ನಾನು ನೋಡಿದ ಸೆಕೆಂಡ್ ಷೋಗಳ ಲೆಕ್ಕ ಇಲ್ಲ. ಟೈಗರ್ ತಲೆ ಎತ್ತಿ ಆಟೋ ಪಕ್ಕಕ್ಕೆ ಮೂತಿ ಹಾಕಿದ. ಬಗ್ಗಿದ ಕಿವಿ ಗಾಳಿಗೆ ಎದ್ದು ನಿಂತಿತ್ತು. ಹತ್ತಿರದ ಗಾಡಿಯಲ್ಲಿ ಖಾಲಿ ದೋಸೆ ಹುಯ್ಯಿಸಿದೆವು, ಎರಡು ತಿಂದ. ಎರಡು!

ಅಲ್ಲೇ ನಾನು ಕೆಟ್ಟೆ.

ಮನೆಗೆ ಬಂದವನೇ ಆ ದಿನಕ್ಕೆ ನೀಲಿ ಗುರುತು ಹಾಕಿದೆ. ಇಷ್ಟು ಖುಷಿಯಾಗಿರೋ ನಾಯೀನ ಬುಧವಾರ ಹೇಗೆ ಕಳಿಸೋದು? ಮಂಗಳವಾರ ಫೋನ್ ಮಾಡಿ ಬುಧವಾರ ಬರಬೇಡಿ ಅಂದೆ. ಅವರು ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ 'ನಿಮ್ಮ ಇಷ್ಟ ಸಾರ್. ಆದರೆ ಆ ಮೂಳೆ ಯಾವಾಗ ಬೇಕಾದರೂ ಮುರಿಯಬಹುದು' ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ಬುಧವಾರ ಅವನು ಏನೂ ತಿನ್ನಲಿಲ್ಲ, ನೀಲಿ ಹಾಕಿದೆ. ಬಾಲ ಅಲ್ಲಾಡಿಸಿದನಲ್ಲ ಅಂತ. ಗುರುವಾರ ರಾತ್ರಿಯಿಡೀ ಏದುಸಿರು, ಬೆಳಗಿನ ಜಾವ ಅರ್ಧ ಗಂಟೆ ಮಲಗಿದ, ಅದಕ್ಕೂ ನೀಲಿ. ಕ್ಯಾಲೆಂಡರ್ ಮೋಸ ಮಾಡಲ್ಲ ಅಂದಿದ್ದರು ಪಾಪ ಅವರು. ಪೆನ್ನು ನನ್ನ ಕೈಯಲ್ಲಿತ್ತಲ್ಲ!

ನಾನು ಕಾಯುತ್ತಿದ್ದದ್ದು ಏನನ್ನು ಗೊತ್ತೇ? ಸೀನನ್ನು. ಒಂದು ರಾತ್ರಿ ಅವನು ನನ್ನ ತೊಡೆಯ ಮೇಲೆ ತಲೆ ಇಟ್ಟು, ಒಂದು ಸಲ ಕಣ್ಣೆತ್ತಿ ನೋಡಿ, 'ಹೋಗಿ ಬರ್ತೀನಿ' ಅನ್ನುವ ಹಾಗೆ ಕಣ್ಣು ಮುಚ್ಚಿಬಿಡುತ್ತಾನೆ, ಹಿಂದೆ ಪಿಟೀಲು. ನಾನು ಏನೂ ತೀರ್ಮಾನ ಮಾಡಬೇಕಾಗಿಲ್ಲ, ಯಾರಿಗೂ ಪಾಪ ಬರೋದಿಲ್ಲ. ಇಷ್ಟು ವರ್ಷ ಚಿತ್ರ ನೋಡಿ ನೋಡಿ ಸಾವು ಅಂದರೆ ಹಾಗೇ ಬರುತ್ತೆ ಅಂದುಕೊಂಡಿದ್ದೆ. ನಾಯಿಗಳು ನಿದ್ದೆಯಲ್ಲಿ ಹಾಗೆ ನೆಮ್ಮದಿಯಾಗಿ ಹೋಗೋದು ಬಹಳ ಅಪರೂಪವಂತೆ. ಡಾಕ್ಟರಮ್ಮ ಆಮೇಲೆ ಹೇಳಿದರು. ನೋವನ್ನು ಅವು ಮುಚ್ಚಿಡುತ್ತವೆ, ಯಜಮಾನ ಬಂದರೆ ಎಂಥಾ ನೋವಿನಲ್ಲೂ ಬಾಲ ಅಲ್ಲಾಡಿಸುತ್ತವೆ. ಆ ಬಾಲ ನಂಬಿಕೊಂಡು ನಾವು ಕಾಯುತ್ತಾ ಕೂರುತ್ತೇವೆ.

ಸಿನಿಮಾ ನಾಯಿಗಳ ಮಾತು ಬಂತಲ್ಲ, ಹೇಳಿಬಿಡುತ್ತೇನೆ. 1985ರ ಹಿಂದಿ ಚಿತ್ರ 'ತೇರಿ ಮೆಹರ್ಬಾನಿಯಾಂ' ನಮ್ಮ ಕಾಲದವರಿಗೆ ನೆನಪಿರುತ್ತೆ. ಅದರಲ್ಲಿ ಸಾಯುವುದು ಯಜಮಾನ ಜಾಕಿ ಶ್ರಾಫ್. ಅವನ ನಾಯಿ ಮೋತಿ ಒಬ್ಬೊಬ್ಬ ಖಳನನ್ನೂ ಹುಡುಕಿ ಸೇಡು ತೀರಿಸುತ್ತೆ. ಶಿಳ್ಳೆಯೋ ಶಿಳ್ಳೆ! ಜಪಾನಿನ ಹಾಚಿಕೋ ಕಥೆಯೂ ಅಷ್ಟೇ. 1925ರಲ್ಲಿ ತೀರಿಹೋದ ಪ್ರೊಫೆಸರನ್ನು ಟೋಕಿಯೋದ ಶಿಬುಯಾ ರೈಲು ನಿಲ್ದಾಣದಲ್ಲಿ ಕಾಯುತ್ತಾ 1935ರ ಮಾರ್ಚ್ 8ರ ತನಕ ಆ ನಾಯಿ ಬದುಕಿತು. 2009ರಲ್ಲಿ ಆ ಕಥೆಯನ್ನು ಅಮೆರಿಕಕ್ಕೆ ತಂದು ರಿಚರ್ಡ್ ಗೇರ್ ಚಿತ್ರ ಮಾಡಿದರು, ಲೋಕವೇ ಅತ್ತಿತು. ಈ ಕಥೆಗಳಲ್ಲೆಲ್ಲ ಹೋಗುವವನು ಮನುಷ್ಯ, ಉಳಿಯುವುದು ನಾಯಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಉಲ್ಟಾ ತಾನೇ? 'ಚಾರ್ಲಿ' ಆ ಉಲ್ಟಾ ತೋರಿಸಿತು, ಅದಕ್ಕೇ ಅದು ಅಷ್ಟು ಜನಕ್ಕೆ ತಾಗಿತು. 2023ರಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಪ್ರಕಟವಾದಾಗ ನಾನೂ ಈ ಪುಟದಲ್ಲಿ ನಾಲ್ಕು ಸಾಲು ಮೆಚ್ಚಿ ಬರೆದೆ. ಹಾಚಿಕೋ ದೇಹದ ಭಾಗಗಳನ್ನು ಅಲ್ಲಿಯವರು ಕೆಡದಂತೆ ಇಟ್ಟಿದ್ದರು. 2011ರಲ್ಲಿ ಅವನ್ನು ಮತ್ತೆ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಆ ನಾಯಿಗೂ ಬಲಿತ ಕ್ಯಾನ್ಸರ್ ಇತ್ತು. ಕೊನೆಯ ದಿನಗಳಲ್ಲಿ ನಿಲ್ದಾಣದ ಮುಂದೆ ಕೂತಿದ್ದಾಗ ಅದಕ್ಕೆ ಎಷ್ಟು ನೋವಿತ್ತೋ, ನೋಡಿದವರಿಗೆ ಕಂಡದ್ದು ನಿಷ್ಠೆ.

ಒಂಬತ್ತು ದಿನ ಅಂತ ಲೆಕ್ಕ. ಆ ಭಾನುವಾರದಿಂದ ಎಂಟನೆಯ ದಿನ, ಸೋಮವಾರ ರಾತ್ರಿ, ನಾನು ಸೆಕೆಂಡ್ ಷೋಗೆ ಹೋಗಿದ್ದೆ. ಹೌದು, ಹೋಗಿದ್ದೆ. ಯಾವ ಚಿತ್ರ ಅಂತ ಬರೆಯೋದಿಲ್ಲ, ಆ ಚಿತ್ರದವರ ತಪ್ಪೇನಿದೆ. ಸ್ಕೂಟರು ತಿರುವಿಗೆ ಬಂತು. ಸದ್ದು ಕೇಳಿ ಅವನು ಎದ್ದನಂತೆ. ಹದಿನೈದು ದಿನದಿಂದ ಗೇಟು ದಾಟದವನು, ಅಂದು ಯಾಕೋ ಕಂಬದ ತನಕ ಬರೋಣ ಅಂತ ಎದ್ದು ನಾಲ್ಕು ಹೆಜ್ಜೆ ಓಡಿದನಂತೆ. ಕಾಲು ಮುರಿಯಿತು. ಅವನು ಕೂಗಿದ್ದು ತಿರುವಿನಲ್ಲಿದ್ದ ನನಗೆ ಸ್ಕೂಟರಿನ ಸದ್ದಿನ ಮೇಲೂ ಕೇಳಿಸಿತು. ಬೀದಿಯ ಮನೆಗಳಲ್ಲಿ ದೀಪ ಹತ್ತಿದವು.

ಆ ಕೂಗು ಹೇಗಿತ್ತು ಅಂತ ಬರೆಯಲಾರೆ. ನನಗೆ ಗೊತ್ತಿರೋದು ಇಷ್ಟೆ: ಬುಧವಾರ ಅವರನ್ನು ಬರಬೇಡಿ ಅನ್ನದೆ ಇದ್ದಿದ್ದರೆ ಅವನು ಅದನ್ನು ಕೂಗಬೇಕಾಗಿರಲಿಲ್ಲ. ಆ ದಿನಗಳು ನನಗೆ ಬೇಕಾಗಿದ್ದವು, ಕೊಟ್ಟವನು ಅವನು.

ಡಾಕ್ಟರಮ್ಮ ರಾತ್ರಿ ಒಂದೂವರೆಗೇ ಬಂದು ನೋವಿಗೆ ಇಂಜೆಕ್ಷನ್ ಕೊಟ್ಟರು. 'ಬೆಳಿಗ್ಗೆ ಹತ್ತಕ್ಕೆ' ಅಂದರು. ನಾನು ಅಮ್ಮನ ಮುಖ ನೋಡಿದೆ. ಮಂಗಳವಾರ ಉಗುರು ಕೂಡ ಕತ್ತರಿಸಬಾರದು ಅನ್ನುವ ನಮ್ಮಮ್ಮ, 'ಇನ್ನು ಸಾಕು ಕಣೋ. ಕಳಿಸಿಕೊಡು' ಅಂದರು. ಸ್ವಲ್ಪ ಹೊತ್ತಾದ ಮೇಲೆ ಅಂದರು, 'ಧರ್ಮರಾಯ ಬಿಟ್ಟು ಬರಲ್ಲ ಅಂದ ಅಷ್ಟೇ. ನರಳಲಿ ಅಂದನಾ?'

ಬೆಳಗಾಗುವ ತನಕ ಅವನ ಪಕ್ಕದಲ್ಲೇ ಕೂತಿದ್ದೆ. ಒಂಬತ್ತಕ್ಕೆ ಆಟೋ ಅಣ್ಣ ಖಾಲಿ ದೋಸೆ ತಂದ. ಅರ್ಧ ತಿಂದ, ಉಳಿದರ್ಧ ನನ್ನ ಕಡೆ ಮೂತಿಯಿಂದ ತಳ್ಳಿದ. ಹಿಂದೆ ಯಾವತ್ತೂ ಹಾಗೆ ಮಾಡಿದವನಲ್ಲ, ನನ್ನ ತಟ್ಟೆಗೇ ಬಾಯಿ ಹಾಕುತ್ತಿದ್ದ ಕಳ್ಳ.

ಡಾಕ್ಟರಮ್ಮ ಬಂದು ಮೊದಲೇ ಎಲ್ಲ ಹೇಳಿದರು. 'ಮೊದಲು ನಿದ್ದೆ ಬರೋ ಇಂಜೆಕ್ಷನ್. ಗಾಢ ನಿದ್ದೆ ಬಂದ ಮೇಲೆ ರಕ್ತನಾಳಕ್ಕೆ ಇನ್ನೊಂದು, ಅರಿವಳಿಕೆ ಔಷಧಿಯೇ, ಪ್ರಮಾಣ ಜಾಸ್ತಿ. ಒಂದೆರಡು ನಿಮಿಷ ಅಷ್ಟೆ. ಕಣ್ಣು ಮುಚ್ಚಲ್ಲ, ಗಾಬರಿಯಾಗಬೇಡಿ. ಆಮೇಲೆ ಒಂದೆರಡು ಸಲ ಉಸಿರು ಎಳೆದ ಹಾಗೆ ಕಾಣಬಹುದು, ಮೈ ಅದುರಬಹುದು. ಅವನಿಗೆ ಅದು ಗೊತ್ತಾಗಿರಲ್ಲ.' ಆಮೇಲೆ ಮೆಲ್ಲಗೆ, 'ನೀವು ಹೊರಗೆ ಇರ್ತೀರಾ ಸಾರ್? ತುಂಬಾ ಜನ ಹೊರಗೆ ಹೋಗ್ತಾರೆ' ಅಂದರು.

ನಿಜ ಹೇಳ್ತೀನಿ, ಕಾಲು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟಿತ್ತು. ಬೀದಿಯ ನಾಲ್ಕು ಹುಡುಗರು ಹೊರಗೆ ನಿಂತಿದ್ದರು, ಅವರ ಮುಂದೆ ಗಂಡಸು ಅಳೋದಾ ಅಂತ ಒಂದು ಕಡೆ. 'ಹೋದವರನ್ನ ಅವು ಏನು ಮಾಡ್ತವೆ?' ಅಂತ ಕೇಳಿದೆ. 'ಬಾಗಿಲು ನೋಡ್ತಿರ್ತವೆ' ಅಂದರು.

ಕೂತೆ. ಅವನ ತಲೆ ನನ್ನ ಚಪ್ಪಲಿಯ ಮೇಲೆ ಇಟ್ಟೆ, ಅವನಿಗೆ ಆ ದಿಂಬೇ ಅಭ್ಯಾಸ. ಮೊದಲ ಇಂಜೆಕ್ಷನ್ ಆದ ಮೇಲೆ ಐದಾರು ನಿಮಿಷ ಇತ್ತು. ಕಿವಿಯಲ್ಲಿ ಏನಾದರೂ ಒಳ್ಳೆ ಡೈಲಾಗು ಹೇಳಬೇಕು ಅನ್ನಿಸಿತು, ಇಷ್ಟು ವರ್ಷ ಪರರ ಡೈಲಾಗಿಗೆ ಮಾರ್ಕು ಹಾಕಿದವನು. ಒಂದೂ ಬರಲಿಲ್ಲ. 'ಟೈಗರ್, ದಾರೀಲಿ ಪಟಾಕಿ ಇಲ್ಲ ಕಣೋ' ಅಂದೆ. ಎರಡನೆಯ ಇಂಜೆಕ್ಷನ್. ಡಾಕ್ಟರಮ್ಮ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ ತಲೆ ಆಡಿಸಿದರು. ಕಣ್ಣು ಅವರು ಹೇಳಿದ ಹಾಗೇ ತೆರೆದಿತ್ತು. ನೆಟ್ಟಗಿದ್ದ ಕಿವಿ ಮೆತ್ತಗೆ ಬಗ್ಗಿ, ಎರಡೂ ಕಿವಿ ಮೊದಲ ಸಲ ಒಂದೇ ಸಮ ಕಂಡವು.

'ಆಳವಾಗಿ ತೋಡಿಸಿ ಸಾರ್, ನಾಲ್ಕಡಿಗೆ ಕಡಿಮೆ ಬೇಡ. ಔಷಧಿ ಮೈಯಲ್ಲಿ ಉಳಿದಿರುತ್ತೆ, ಬೇರೆ ನಾಯಿಯೋ ಹದ್ದೋ ಕೆದಕಿ ತಿಂದರೆ ಅವಕ್ಕೂ ಅಪಾಯ' ಅಂದರು. ಆಟೋ ಅಣ್ಣ ಪರಿಚಯದವರ ಗೂಡ್ಸ್ ಗಾಡಿ ತಂದ. ಗುಬ್ಬಿ ಹತ್ತಿರ ನಮ್ಮ ಭಾವನ ತೋಟ ಇದೆ. ಬೀದಿಯ ಹುಡುಗರು ನಾಲ್ವರೂ ಗಾಡಿ ಹತ್ತಿದರು, ನಾನು ಕರೆದಿರಲಿಲ್ಲ. ತೆಂಗಿನ ಬುಡದಿಂದ ಸ್ವಲ್ಪ ದೂರ, ಸರದಿಯ ಮೇಲೆ ಅವರೇ ತೋಡಿದರು. ಅಮ್ಮ ತಮ್ಮ ಹಳೇ ಸೀರೆ ಕೊಟ್ಟಿದ್ದರು, ಜೊತೆಗೆ ದಾರದ ಉಂಡೆ. ಹುಡುಗರಲ್ಲಿ ಇಬ್ಬರು ಜೋರಾಗಿ ಅತ್ತರು. ನಾನು ಅಳಲಿಲ್ಲ. ಕಲ್ಲಿನ ಕಣ್ಣು ಅಂತ ಬರೆದುಕೊಂಡಿದ್ದೆನಲ್ಲ.

ಹದಿನೇಳು ದಿನದ ಮೇಲೆ ಮತ್ತೆ ಸೆಕೆಂಡ್ ಷೋಗೆ ಹೋದೆ. ಒಂದು ಒಳ್ಳೆ ಹಾಸ್ಯ ಚಿತ್ರ, ಚೆನ್ನಾಗಿ ನಕ್ಕೆ. ವಾಪಸ್ಸು ಬರುವಾಗ ತಿರುವಿನಲ್ಲಿ ಕೈ ತಾನಾಗಿಯೇ ಸ್ಕೂಟರು ನಿಧಾನ ಮಾಡಿತು, ಅವನು ಮುಂದೆ ಓಡೋಕೆ ಜಾಗ ಬಿಡೋಣ ಅಂತ. ಕಂಬದ ಕೆಳಗೆ ಬರೀ ಬೆಳಕು. ಅಲ್ಲೇ ಸ್ಟ್ಯಾಂಡ್ ಹಾಕಿ ಫುಟ್‌ಪಾತಿನ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತೋ. ಆಟೋ ಅಣ್ಣ ಕೊನೆಯ ಬಾಡಿಗೆ ಮುಗಿಸಿ ಬಂದವನು ನೋಡಿದ, ಆಟೋ ಆಫ್ ಮಾಡಿ ಪಕ್ಕದಲ್ಲಿ ಕೂತ. ಏನೂ ಕೇಳಲಿಲ್ಲ.

ಈಗ ಹಾಸನದ ತಮ್ಮನಿಗೆ.

ತಮ್ಮಾ, 2022ರಲ್ಲಿ ನಿನ್ನ ಕಾರ್ಡಿಗೆ ನಾನು ಕೊಟ್ಟ ಉತ್ತರ ತಪ್ಪು. ಕೊಳಕು ಉತ್ತರ. ಅಚ್ಚಿನಲ್ಲೇ ಕೊಟ್ಟಿದ್ದೆ, ಅದಕ್ಕೇ ಅಚ್ಚಿನಲ್ಲೇ ಕ್ಷಮೆ ಕೇಳುತ್ತಿದ್ದೇನೆ. ನೀನು ಕೇಳಿದ್ದು ಏನು ಮಾಡಲಿ ಅಂತ. ನಿನ್ನ ಡಾಕ್ಟರು ಸರಿಯಾಗಿ ಪರೀಕ್ಷೆ ಮಾಡಿ, ವಾಸಿಯಾಗೋದಿಲ್ಲ ಅಂತ ಖಚಿತವಾಗಿ ಹೇಳಿದ್ದರೆ, ಅವರ ಮಾತು ಕೇಳು ಅಂತ ಬರೆಯಬೇಕಿತ್ತು. ಒಂದು ದಿನ ಮುಂಚೆ ಕಳಿಸಿದೆನಲ್ಲ ಅಂತ ಕೊರಗುವುದು ಹೇಗೋ ತಡೆಯಬಹುದು, ಒಂಬತ್ತು ದಿನ ತಡಮಾಡಿದೆನಲ್ಲ ಅನ್ನುವುದು ರಾತ್ರಿ ನಿದ್ದೆ ಕೊಡೋದಿಲ್ಲ ಅಂತ ಬರೆಯಬೇಕಿತ್ತು. ಆಗ ನನಗೆ ಅದು ಗೊತ್ತಿರಲಿಲ್ಲ. ನಿಮ್ಮಪ್ಪ ಪಾಪ ಅಂದದ್ದು ಆ ನಾಯಿಯ ಮೇಲಿನ ಪ್ರೀತಿಗೇ. ಅವರ ಮೇಲೆ ಸಿಟ್ಟು ಬೇಡ. ನಮ್ಮಮ್ಮ ಒಂದು ರಾತ್ರಿಯಲ್ಲಿ ಬದಲಾದರು, ನಿಮ್ಮಪ್ಪನೂ ಬದಲಾಗಿರಬಹುದು. ನೀನು ಕೋಣೆಯಲ್ಲಿ ಉಳಿದೆಯೋ ಹೊರಗೆ ಹೋದೆಯೋ ನಾನು ಕೇಳೋದಿಲ್ಲ. ಹೋಗಿದ್ದರೂ ಪರವಾಗಿಲ್ಲ, ಉಳಿಯೋಕೆ ಹೇಳುವ ಹಿರಿಯ ಒಬ್ಬ ನಿನಗೆ ಬೇಕಿತ್ತು, ಆ ಹಿರಿಯ ಆವತ್ತು ಜೋಕು ಬರೆಯುತ್ತಿದ್ದ.

ನಿನ್ನ ಕಾರ್ಡು ಮೊನ್ನೆ ಕಚೇರಿಯ ಹಳೇ ಕಡತದಲ್ಲಿ ಸಿಕ್ಕಿತು. ಹಿಂದೆ ಮುಂದೆ ತಿರುಗಿಸಿ ನೋಡಿದೆ. ನಿನ್ನ ನಾಯಿಯ ಹೆಸರು ಬರೆದಿಲ್ಲ. ಈ ಪುಟ ನಿನ್ನ ಕಣ್ಣಿಗೆ ಬಿದ್ದರೆ ಒಂದು ಕಾರ್ಡು ಹಾಕು, ಹೆಸರು ಏನಿತ್ತು ಅಂತ ಬರಿ.

ಮುಂದಿನ ವಾರ ಸಿನಿಮಾ.